ಯಸಳೂರಿನ ಪ್ರತಿನಿಧಿ

ಸೆಪ್ಟೆಂಬರ್ ೨೨, ೨೦೨೪, ಭಾನುವಾರ

ನನ್ನನ್ನೇ ಆರಿಸಿದರು. ಇನ್ಯಾರನ್ನು ಆರಿಸುತ್ತಾರೆ!

ಚರ್ಚಿನಲ್ಲಿ ಆರಾಧನೆ ಮುಗಿದ ಮೇಲೆ ಸಭೆಯ ಕಾರ್ಯದರ್ಶಿ ದೇವಪುತ್ರಪ್ಪ ಎದ್ದು ನಿಂತು ಗಂಟಲು ಸರಿಮಾಡಿಕೊಂಡರು. ಮುಂದಿನ ತಿಂಗಳು ನಾಗಪುರದಲ್ಲಿ ನಮ್ಮ ಸಭೆಗಳ ಅಖಿಲ ಭಾರತ ಮಹಾಸಮ್ಮೇಳನವಿದೆ, ನಮ್ಮ ಪ್ರಾಂತದಿಂದ ಇಬ್ಬರು ಪ್ರತಿನಿಧಿಗಳು ಹೋಗಬೇಕು, ಒಬ್ಬರು ಹಾಸನದ ಟೀಚರು, ಇನ್ನೊಬ್ಬರು ಈ ಸಲ ಹಳ್ಳಿ ಚರ್ಚಿನಿಂದಲೇ ಬರಬೇಕೆಂದು ಬಿಷಪ್ಪರು ಹೇಳಿದ್ದಾರೆ ಎಂದರು. "ಯಾರು ಹೋಗ್ತೀರಿ?" ಎಂದದ್ದೇ ತಡ, ಗಂಡಸರೆಲ್ಲ ಬಾಗಿಲ ಹೊರಗೆ ಚಪ್ಪಲಿ ಹುಡುಕಲು ಶುರುಮಾಡಿದರು.

"ನಾನು ಹೋಗ್ತೀನಿ," ಎಂದೆ.

"ಅಲ್ಲೆಲ್ಲ ಇಂಗ್ಲಿಷು, ಹಿಂದಿ ಇರ್ತೈತೆ ಕಣಮ್ಮ ರಾಹೇಲಮ್ಮ," ಎಂದರು ದೇವಪುತ್ರಪ್ಪ.

"ಇರ್ಲಿ ಬುಡಿ. ಬೆಳೆ ಹಬ್ಬದಾಗೆ ಏಲಂ ಕೂಗೋಳು ನಾನೇ ತಾನೆ? ನಾನು ಕೂಗಿದ್ದು ಅರ್ಥ ಆಗ್ಲಿಲ್ಲ ಅಂತ ಯಾರಾದ್ರೂ ಕುಂಬಳಕಾಯಿ ಬುಟ್ಟು ಹೋಗವ್ರಾ?"

ಎಲ್ಲರೂ ನಕ್ಕರು. ಆದರೆ ವಿಷಯ ನಗುವಂಥದ್ದಲ್ಲ. ಸಮ್ಮೇಳನದಲ್ಲಿ ಒಂದು ಠರಾವು ಬರಲಿದೆ. ನಲವತ್ತು ಮನೆಗಿಂತ ಕಡಿಮೆ ಇರುವ ಚರ್ಚುಗಳನ್ನು ಮುಚ್ಚಿ ಹತ್ತಿರದ ದೊಡ್ಡ ಚರ್ಚಿಗೆ ಸೇರಿಸುವುದು, ಪಾದ್ರಿ ಅಯ್ಯನವರನ್ನೂ ಅಲ್ಲಿಗೇ ಕಳಿಸುವುದು. ಯಸಳೂರಿನ ನಮ್ಮ ಚರ್ಚಿಗೆ ಮೂವತ್ತು ಮನೆಯೂ ಇಲ್ಲ. ಠರಾವು ಪಾಸಾದರೆ ಭಾನುವಾರ ಬೆಳಿಗ್ಗೆ ಸಕಲೇಶಪುರದ ಬಸ್ಸು ಹತ್ತಬೇಕು. ಅದೂ ಬಸ್ಸು ಬಂದರೆ. ನಮ್ಮ ಮುದುಕಿಯರಲ್ಲಿ ಅರ್ಧ ಜನಕ್ಕೆ ಬಸ್ಸಿನ ಮೆಟ್ಟಿಲು ಹತ್ತಲು ಆಗದು. ಹತ್ತಿ ಹೋದರೂ ಆ ಪಟ್ಟಣದ ಚರ್ಚಿನವರ ಗತ್ತು ನನಗೆ ಗೊತ್ತಿಲ್ಲವೇ? ಹಾಡಿನ ಸ್ಪರ್ಧೆಗೆ ಹೋದಾಗ ನಮ್ಮನ್ನು ಕಂಬದ ಹಿಂದೆ ಕೂರಿಸಿದ್ದರು.

ನನ್ನ ಗಂಡನನ್ನು ಮಣ್ಣು ಮಾಡಿದ್ದು ನಮ್ಮ ಚರ್ಚಿನ ಹಿತ್ತಲಲ್ಲಿ. ಅದಕ್ಕೆ ಬೀಗ ಹಾಕುವುದನ್ನು ನೋಡಿಕೊಂಡು ಸುಮ್ಮನಿರಲು ನಾನೇನು ಸತ್ತುಹೋಗಿದ್ದೇನೆಯೇ? ಅಲ್ಲಿ ಎರಡು ನಿಮಿಷ ಮಾತಾಡಲು ಕೊಡುತ್ತಾರಂತೆ. ನನಗೆ ಒಂದೇ ಸಾಕು.

ಅಕ್ಟೋಬರ್ ೬, ಭಾನುವಾರ

ಭಾಷಣ ಬಾಯಿಪಾಠವಾಗಿದೆ. ಕಾಫಿ ಕಣದಲ್ಲಿ ನಿಂತು ಹೇಳಿ ನೋಡಿದೆ. ಬೇಲಿಯಾಚೆಯಿಂದ ದೇವೀರಪ್ಪ ತಲೆ ಎತ್ತಿದ. ಅವನು ನಮ್ಮ ಸಭೆಯವನಲ್ಲ, ಆದರೆ ನಮ್ಮ ಚರ್ಚಿನ ಹೆಂಚು ಹಾರಿದಾಗಲೆಲ್ಲ ಏಣಿ ತರುವವನು ಅವನೇ.

"ಯಾರಿಗ್ ಬೈತಾ ಇದ್ದೀಯಕ್ಕ?"

"ಬೈತಾ ಇಲ್ಲ ಕಣೋ, ಭಾಷಣ."

"ಎರಡೂ ಒಂದೇ ಥರ ಐತಲ್ಲ ಮಾರಾಯ್ತಿ," ಎಂದು ನಕ್ಕ. ನಗಲಿ. ಚರ್ಚು ಉಳಿದ ದಿನ ಇವನ ಹತ್ತಿರವೇ ಪಟಾಕಿ ಹೊಡೆಸುತ್ತೇನೆ.

ಅಕ್ಟೋಬರ್ ೧೪, ಸೋಮವಾರ. ರೈಲಿನಲ್ಲಿ

ಹಾಸನದ ಪ್ರತಿನಿಧಿ ವಿನೋದಿನಿ ಟೀಚರು. ಹೆಡ್ಮಿಸ್ ಆಗಿ ನಿವೃತ್ತಿಯಾದವರು, ಇನ್ನೂ ಆ ಕುರ್ಚಿಯಿಂದ ಎದ್ದಿಲ್ಲ. ಬೆಂಗಳೂರು ಬಿಟ್ಟಾಗಿನಿಂದ ನನಗೆ ಪಾಠ ನಡೆದಿದೆ. "ರಾಹೇಲಮ್ಮ, ನಮ್ಮ ಪ್ರಾಂತಕ್ಕೆ ಈ ವಿಷಯದಲ್ಲಿ ಒಂದೇ ಅವಕಾಶ. ಒಂದು ಹಳದಿ ಕಾರ್ಡು ಕೊಡ್ತಾರೆ. ಭಾಷಣಕ್ಕಾಗಲಿ, ಬೇರೆಯವರ ಮಾತಿಗೆ ಅನುಮೋದನೆ ಕೊಡೋಕಾಗಲಿ, ಅದನ್ನ ಒಂದು ಸಲ ಎತ್ತಿದರೆ ಅವಕಾಶ ಮುಗೀತು. ನೀವು ಮೆತ್ತಗೆ ಮಾತಾಡಿ. ಸಿಟ್ಟು ಬೇಡ."

"ನಾನು ಸಿಟ್ಟು ಮಾಡೋದೇ ಇಲ್ಲ ಟೀಚರ್," ಎಂದೆ. ಎದುರು ಬರ್ತಿನಲ್ಲಿ ಮಲಗಿದ್ದ ಮನುಷ್ಯ ಬೆಚ್ಚಿ ಎದ್ದು ಕೂತ.

ಹಳದಿ ಕಾರ್ಡು ನನ್ನ ಕೈಯಲ್ಲೇ ಇರಬೇಕೆಂದು ಒಪ್ಪಿಸಿದ್ದೇನೆ. ಮುಚ್ಚುವುದು ನಮ್ಮ ಚರ್ಚು, ಅವರದ್ದಲ್ಲ.

ಅಕ್ಟೋಬರ್ ೧೬, ಬುಧವಾರ. ನಾಗಪುರ

ಅಬ್ಬಬ್ಬಾ, ಏನು ಜನ! ನಮ್ಮ ಸಂತೆಮಾಳದಷ್ಟು ದೊಡ್ಡ ಪೆಂಡಾಲು, ಅದರೊಳಗೆ ದೇಶದ ಎಲ್ಲ ಮೂಲೆಯ ಕ್ರೈಸ್ತರು. ಬಣ್ಣದ ಶಾಲಿನ ನಾಗಾಲ್ಯಾಂಡಿನವರು, ಅಂಚಿನ ಪಂಚೆಯ ತಮಿಳರು, ಬಿಳಿ ಸೀರೆಯ ಮಲಯಾಳಿ ಹೆಂಗಸರು. ಮೊದಲ ಗೀತೆಯನ್ನು ಅವರವರ ಭಾಷೆಯಲ್ಲಿ ಹಾಡಿ ಎಂದರು. ಒಂದೇ ರಾಗಕ್ಕೆ ಹತ್ತೆಂಟು ಭಾಷೆ. ನನಗೆ ಅಳು ಬಂತು, ಅದಕ್ಕೇ ಇನ್ನೂ ಜೋರಾಗಿ ಹಾಡಿದೆ. ಮುಂದಿನ ಸಾಲಿನವರು ತಿರುಗಿ ನೋಡಿದರು. ನೋಡಲಿ, ಯಸಳೂರೂ ಬಂದಿದೆ ಎಂದು ಗೊತ್ತಾಗಲಿ.

ಕಿವಿಗೆ ಸಿಕ್ಕಿಸಿಕೊಳ್ಳಲು ಒಂದು ಯಂತ್ರ ಕೊಟ್ಟಿದ್ದಾರೆ. ವೇದಿಕೆಯಲ್ಲಿ ಯಾರು ಏನೇ ಮಾತಾಡಿದರೂ ಅದರಲ್ಲಿ ಕನ್ನಡ ಬರುತ್ತದೆ.

ಊಟದ ಸಾಲಿನಲ್ಲಿ ಒಬ್ಬ ಮುದುಕ ತಟ್ಟೆ ಹಿಡಿದು ಪೆಚ್ಚಾಗಿ ನಿಂತಿದ್ದ. ಎಲ್ಲೆಲ್ಲೂ ಚಪಾತಿ, ಅನ್ನ ಮುಗಿದಿತ್ತು. ನನಗೂ ಅನ್ನವಿಲ್ಲದೆ ಆಗದು. ಅಡಿಗೆಯವರ ಹತ್ತಿರ ಹೋಗಿ ಕೈಸನ್ನೆಯಲ್ಲೇ ಜಗಳ ಮಾಡಿ ಎರಡು ತಟ್ಟೆ ಅನ್ನ ತಂದೆ. ನಾನು ತಂದಿದ್ದ ನಿಂಬೆ ಉಪ್ಪಿನಕಾಯಿ ಅವನಿಗೂ ಹಾಕಿದೆ. ಅವನು ಎದೆ ತಟ್ಟಿಕೊಂಡು "ಸೊಂಬಾರು" ಎಂದ. ಅದು ಅವನ ಹೆಸರು. ಒಡಿಶಾದ ಬೆಟ್ಟದ ಮೇಲಿನ ಲುಬುಡಿ ಎಂಬ ಊರಿನವನು. ಅವನ ಜೊತೆ ಬಂದ ಮೊಮ್ಮಗಳು ಅವನ ಮಾತನ್ನು ಹಿಂದಿಗೆ ತಂದಳು, ವಿನೋದಿನಿ ಟೀಚರು ಹಿಂದಿಯನ್ನು ಕನ್ನಡಕ್ಕೆ ತಂದರು. ಟೀಚರಿಂದಲೂ ಪ್ರಯೋಜನವಿದೆ.

ಅವನದೂ ಸಣ್ಣ ಚರ್ಚಂತೆ. ಎಷ್ಟು ಮನೆ ಎಂದು ಕೇಳಿದೆ. ಏಳು ಬೆರಳು ತೋರಿಸಿದ. ಅಯ್ಯೋ ಪಾಪ, ಏಳು ಮನೆಗೊಂದು ಚರ್ಚೇ ಎಂದುಕೊಂಡೆ. ಅದಕ್ಕೆ ಹೋಲಿಸಿದರೆ ನಮ್ಮದು ದೊಡ್ಡದೇ. ಭಾಷಣದಲ್ಲಿ ಇದನ್ನೂ ಹೇಳಬಹುದು.

ಅಕ್ಟೋಬರ್ ೧೭, ಗುರುವಾರ

ದಿನವಿಡೀ ವರದಿ ಓದಿದರು. ಕಿವಿಯಂತ್ರ ಸಿಕ್ಕಿಸಿಕೊಂಡು ಚೆನ್ನಾಗಿ ನಿದ್ದೆ ಮಾಡಿದೆ. ನಾಳೆ ನಮ್ಮ ಠರಾವು.

ಅಕ್ಟೋಬರ್ ೧೮, ಶುಕ್ರವಾರ

ಏನು ಮಾಡಿಬಿಟ್ಟೆ ನಾನು!

ಆದದ್ದನ್ನು ಆದಂತೆ ಬರೆಯುತ್ತೇನೆ. ಠರಾವು ಓದಿದರು. ಮೊದಲು ತಿದ್ದುಪಡಿ, ಆಮೇಲೆ ಭಾಷಣ ಎಂದರು. ನಾನು ಕಾರ್ಡು ಹಿಡಿದು ತಯಾರಾಗಿ ಕೂತಿದ್ದೆ. ಅಷ್ಟರಲ್ಲಿ ಸೊಂಬಾರು ಮೈಕಿನ ಹತ್ತಿರ ಹೋದ. ಅವನು ಒಂದು ವಾಕ್ಯ ಹೇಳುವುದು, ಮೊಮ್ಮಗಳು ಹಿಂದಿ ಮಾಡುವುದು, ಅದು ಇಂಗ್ಲಿಷಾಗುವುದು, ಕೊನೆಗೆ ನನ್ನ ಕಿವಿಗೆ ಬರುವುದು. ಅವನು ಹೇಳಿದ್ದು ಇಷ್ಟೇ: "ಯಾವ ಚರ್ಚನ್ನೂ ಮುಚ್ಚುವ ಮೊದಲು ಬೇರೆ ಪ್ರಾಂತಗಳಿಂದ ಮೂವರು ಬಂದು ಒಂದು ಭಾನುವಾರ ಅಲ್ಲಿ ನಮ್ಮ ಜೊತೆ ಕೂತು ಆರಾಧನೆ ಮಾಡಲಿ. ಆಮೇಲೆ ಮುಚ್ಚುವುದೋ ಬಿಡುವುದೋ ಅವರೇ ಹೇಳಲಿ."

ಅಧ್ಯಕ್ಷರು ಕೇಳಿದರು, "ಈ ತಿದ್ದುಪಡಿಗೆ ಅನುಮೋದಕರು ಯಾರಾದರೂ ಇದ್ದಾರೆಯೇ?"

ಯಾರೂ ಏಳಲಿಲ್ಲ. ಕಾರ್ಡು ಎತ್ತಿದರೆ ತಮ್ಮ ಪ್ರಾಂತದ ಅವಕಾಶ ಹೋಗುತ್ತದಲ್ಲ, ಯಾರಿಗೆ ಬೇಕು? ಎರಡನೆಯ ಸಲ ಕೇಳಿದರು. ಸೊಂಬಾರು ಮೈಕಿನ ಮುಂದೆ ಹಾಗೇ ನಿಂತಿದ್ದ, ತಾನು ತಂದದ್ದು ಯಾರಿಗೂ ಬೇಡವಾಗಿದೆ ಎಂದು ಅವನಿಗೆ ಅರ್ಥವಾಗುತ್ತಿತ್ತು. ಅವನ ಮುಖ ಬಾಡಿತು. ಅಧ್ಯಕ್ಷರು ಮೂರನೆಯ ಸಲಕ್ಕೆ ಬಾಯಿ ತೆರೆದರು.

ನಮ್ಮ ಬೆಳೆ ಹಬ್ಬದಲ್ಲಿ ಒಂದು ಪದ್ಧತಿ. ಪ್ರತಿ ಮನೆಯವರೂ ಮೊದಲ ಬೆಳೆ ತಂದು ದೇವರ ಮುಂದೆ ಇಡುತ್ತಾರೆ, ಆರಾಧನೆ ಆದ ಮೇಲೆ ಅದನ್ನೇ ಏಲಂ ಹಾಕುತ್ತೇವೆ. ಹುಳ ಹಿಡಿದ ಹಾಗಲಕಾಯಿಯಾದರೂ ಸರಿ, ಯಾರೂ ಕೂಗದೆ ಉಳಿಯುವಂತಿಲ್ಲ. ಮೂರನೆಯ ಸಲಕ್ಕೂ ಸದ್ದಿಲ್ಲದಿದ್ದರೆ ಏಲಂ ಕೂಗುವವಳೇ ಕೈ ಎತ್ತಿ ತಗೊಳ್ಳಬೇಕು. ದೇವರ ಮನೆಗೆ ತಂದವರು ಸಪ್ಪೆ ಮೋರೆ ಹೊತ್ತು ಹೋಗಬಾರದು. ಎಷ್ಟು ವರ್ಷದಿಂದ ಹಾಗೆ ಎತ್ತಿದ ಕೈಯೋ ಇದು. ತಾನಾಗೇ ಮೇಲೆ ಹೋಯಿತು. ಕೈಯಲ್ಲಿ ಹಳದಿ ಕಾರ್ಡಿತ್ತು.

"ಅನುಮೋದನೆಯಾಗಿದೆ," ಎಂದರು ಅಧ್ಯಕ್ಷರು. ಒಬ್ಬ ಸ್ವಯಂಸೇವಕ ಬಂದು ನನ್ನ ಕೈಯಿಂದ ಕಾರ್ಡು ತೆಗೆದುಕೊಂಡು ಹೋದ.

ವಿನೋದಿನಿ ಟೀಚರು ಬಿಳಿಚಿಕೊಂಡರು. "ಏನ್ ಮಾಡಿದಿರಿ ರಾಹೇಲಮ್ಮ? ಮುಗೀತು! ನಿಮ್ಮ ಭಾಷಣ ಹೋಯ್ತು!"

ನಿಜ, ಹೋಯಿತು. ಊರಿಡೀ ನಂಬಿ ಕಳಿಸಿದ ಭಾಷಣ. ಉಳಿದವರೆಲ್ಲ ಮಾತಾಡುವಾಗ ನಾನು ಬಾಯಿ ಹೊಲಿದುಕೊಂಡು ಕೂತಿದ್ದೆ. ನನ್ನ ಜನ್ಮದಲ್ಲಿ ಇಷ್ಟು ಹೊತ್ತು ಸುಮ್ಮನಿದ್ದದ್ದು ಇದೇ ಮೊದಲು. ಯಸಳೂರಿನ ಹೆಸರು ಆ ಪೆಂಡಾಲಿನಲ್ಲಿ ಯಾರೂ ಎತ್ತಲಿಲ್ಲ. ಊಟ ಬಿಟ್ಟೆ.

ಅಕ್ಟೋಬರ್ ೧೯, ಶನಿವಾರ

ಠರಾವು ಪಾಸಾಯಿತು. ಆದರೆ ಸೊಂಬಾರುವಿನ ತಿದ್ದುಪಡಿಯೂ ಪಾಸಾಯಿತು! ಯಾವ ಚರ್ಚನ್ನೂ ಹೋಗಿ ನೋಡದೆ ಮುಚ್ಚುವಂತಿಲ್ಲ. ಮೂವರು ಬರಬೇಕು, ಭಾನುವಾರ ಕೂರಬೇಕು, ಮೂವರಲ್ಲಿ ಇಬ್ಬರು ಹೇಳಿದಂತೆ ತೀರ್ಮಾನ.

ನಾನು ಹೇಳಲಿಲ್ಲವೇ, ಎಲ್ಲ ಒಳ್ಳೆಯದಕ್ಕೇ. ಎರಡು ನಿಮಿಷದ ಭಾಷಣ ಕೇಳಿಸುವ ಬದಲು ಅವರನ್ನೇ ನಮ್ಮ ಬೆಂಚಿನ ಮೇಲೆ ಕೂರಿಸಿಕೊಳ್ಳುತ್ತೇನೆ. ಟೀಚರಿಗೂ ಹಾಗೇ ಹೇಳಿದೆ. ಅವರು ತಮ್ಮ ಡಬ್ಬಿಯ ಕೋಡುಬಳೆ ನನ್ನ ಕಡೆ ತಳ್ಳಿದರು.

ಸಂಜೆ ಸೊಂಬಾರು ಬಂದು ನನ್ನ ಎರಡೂ ಕೈ ಹಿಡಿದುಕೊಂಡ. "ನಿಮ್ಮ ಊರಿನ ಹೆಸರೇನು?" ಎಂದು ಕೇಳಿಸಿದ. "ಯಸಳೂರು" ಎಂದೆ. ಅವನು "ಎಸೊಲೂರ್" ಎಂದ. ತಿದ್ದಿದೆ. ಮತ್ತೆ "ಎಸೊಲೂರ್" ಎಂದ. ಬಿಟ್ಟುಬಿಟ್ಟೆ.

ಇನ್ನೊಂದು ಮರೆತೆ. ಅನುಮೋದಿಸಿದವರು ಸುಮ್ಮನೆ ಕೂರುವಂತಿಲ್ಲವಂತೆ, ನೋಡಲು ಹೋಗುವವರಲ್ಲಿ ನನ್ನ ಹೆಸರೂ ಸೇರಿಸಿದ್ದಾರೆ. ಜನವರಿಯಲ್ಲಿ ಲುಬುಡಿಗೆ. ಕಾಫಿ ಕುಯ್ಲಿನ ಕಾಲದಲ್ಲಿ!

ಅಕ್ಟೋಬರ್ ೨೩, ಬುಧವಾರ. ಮನೆ

"ಮಾತಾಡೇ ಇಲ್ವಾ?" ಎಂದು ದೇವಪುತ್ರಪ್ಪ ಕೇಳಿದರು. "ಯಾರೋ ಒಡಿಶಾದೋನಿಗೆ ಕೈ ಎತ್ತಿಬುಟ್ಟು ಬಂದ್ಯಾ? ನಿನ್ನ ಬಾಯಿ ನಂಬ್ಕೊಂಡು ಕಳಿಸಿದ್ವಲ್ಲಮ್ಮ."

ನಾನು ತಲೆ ತಗ್ಗಿಸಲಿಲ್ಲ. "ನೋಡೋಕೆ ಬರ್ತಾರೆ. ಬಂದಾಗ ನೋಡ್ರಿ ನನ್ನ ಕೆಲಸ," ಎಂದೆ. ಆದರೆ ಮನೆಗೆ ಬಂದು ಸೊಸೆ ಬಿಂದುಶ್ರೀ ಕಾಫಿ ಕೊಟ್ಟಾಗ ಕಣ್ಣು ತುಂಬಿ ಬಂತು. ಅವಳು ನೋಡಿಯೂ ನೋಡದವಳಂತೆ ಒಲೆ ಕಡೆ ತಿರುಗಿದಳು. ಒಳ್ಳೆಯ ಹುಡುಗಿ.

ಡಿಸೆಂಬರ್ ೧೫, ಭಾನುವಾರ

ನಮ್ಮ ಚರ್ಚಿಗೆ ಬರುವ ದಿನ ಗೊತ್ತಾಯಿತು, ಜನವರಿ ಹತ್ತೊಂಬತ್ತು. ಗ್ರಹಚಾರ ನೋಡಿ, ನಾನು ಲುಬುಡಿಯಲ್ಲಿ ಇರಬೇಕಾದದ್ದೂ ಅದೇ ಭಾನುವಾರ. ಇರಲಿ. ನಾನಿಲ್ಲದಿದ್ದರೂ ನನ್ನ ಉಪಾಯ ಇರುತ್ತದೆ.

ಉಪಾಯ ಇದು: ಬೆಂಚು ತುಂಬಬೇಕು. ಬೆಳಗೋಡಿನಿಂದ ನನ್ನ ತಂಗಿಯ ಮನೆಯವರು, ಮಾರನಹಳ್ಳಿಯಿಂದ ಭಾವನ ಕಡೆಯವರು. ಎರಡು ಜೀಪಿಗೆ ಹೇಳಿದ್ದೇನೆ. ಸಕಲೇಶಪುರದ ಚರ್ಚಿನಿಂದಲೂ ಒಂದಷ್ಟು ಜನ ಬರುತ್ತಾರಂತೆ. ಅವರ ಹತ್ತಿರ ಕೇಳಲು ನನಗೆ ಮನಸ್ಸಿರಲಿಲ್ಲ, ಟೀಚರು ಫೋನು ಮಾಡಿ ಒಪ್ಪಿಸಿದರು. ಕಾಫಿ ಕುಯ್ಲಿಗೆ ಬಂದಿರುವ ಮೇಸ್ತ್ರಿ ಹುಚ್ಚಣ್ಣನ ಕಡೆಯ ಆಳುಗಳಿಗೆ ಊಟ ಹಾಕಿಸಿದರೆ ಅವರೂ ಕೂರುತ್ತಾರೆ.

"ನಾನೂ ಬಂದು ಕೂತ್ಕೋತೀನಿ ಬುಡಕ್ಕ," ಎಂದ ದೇವೀರಪ್ಪ. "ಎದ್ದೇಳು ಅಂದಾಗ ಎದ್ದೇಳೋದು, ಕೂತ್ಕೊ ಅಂದಾಗ ಕೂತ್ಕೊಳೋದು. ಅಷ್ಟೇ ತಾನೆ?"

ಇದರಲ್ಲಿ ತಪ್ಪೇನಿದೆ? ಮದುವೆಗೆ ಜನ ಸೇರಿಸುವುದಿಲ್ಲವೇ?

ಜನವರಿ ೧೮, ೨೦೨೫, ಶನಿವಾರ. ಲುಬುಡಿ

ಬಂದು ಮುಟ್ಟಿದೆ. ರೈಲು, ಬಸ್ಸು, ಜೀಪು, ಕೊನೆಗೆ ಕಾಲು. ನನ್ನ ಜೊತೆ ಇನ್ನಿಬ್ಬರು, ಚೆನ್ನೈನ ಒಬ್ಬ ವಕೀಲರು, ಪುಣೆಯ ಒಬ್ಬ ಡಾಕ್ಟರಮ್ಮ. ಇಬ್ಬರೂ ಒಳ್ಳೆಯವರೇ. ದಾರಿಯಲ್ಲಿ ಒಂದು ಹಳ್ಳ ದಾಟುವಾಗ ವಕೀಲರು ಆಚೆ ಗುಡ್ಡದ ದೊಡ್ಡ ಚರ್ಚನ್ನು ಬೆರಳು ಮಾಡಿ ತೋರಿಸಿ, ಡಾಕ್ಟರಮ್ಮನ ಹತ್ತಿರ ಏನೋ ಇಂಗ್ಲಿಷಿನಲ್ಲಿ ಹೇಳಿದರು. ಇಷ್ಟು ಹತ್ತಿರ ಇನ್ನೊಂದಿದೆಯಲ್ಲ ಎಂದೇ ಇರಬೇಕು.

ಚರ್ಚೆಂದರೆ ಮಣ್ಣಿನ ಗೋಡೆ, ತಗಡಿನ ಮಾಡು. ಸೊಂಬಾರು ಒಳಗೆ ಸಗಣಿ ಸಾರಿಸುತ್ತಿದ್ದ. ನನ್ನನ್ನು ನೋಡಿ ಕೈ ತೊಳೆಯದೆಯೇ ಓಡಿ ಬಂದ. ನಾಳೆ ಎಷ್ಟು ಜನ ಬರುತ್ತಾರೆ ಎಂದು ಸನ್ನೆಯಲ್ಲಿ ಕೇಳಿದೆ. ಅವನು ಒಬ್ಬೊಬ್ಬರ ಮನೆ ತೋರಿಸುತ್ತ ಬೆರಳು ಮಡಚಿದ. ಕುಂಟುವವಳೊಬ್ಬಳು, ಕಣ್ಣು ಕಾಣದವನೊಬ್ಬ, ಬಾಣಂತಿಯೊಬ್ಬಳು, ಹೀಗೆ. ಎಲ್ಲ ಸೇರಿ ಹದಿನೆಂಟೋ ಹತ್ತೊಂಬತ್ತೋ. ಹಳ್ಳದಾಚೆಯವರನ್ನೂ ಕರೆದಿದ್ದೀರಾ ಎಂದು ಮೊಮ್ಮಗಳ ಹತ್ತಿರ ಅರೆಬರೆ ಹಿಂದಿಯಲ್ಲಿ ಕೇಳಿಸಿದೆ. ಅವನಿಗೆ ಪ್ರಶ್ನೆಯೇ ಅರ್ಥವಾಗಲಿಲ್ಲ. "ಅವರನ್ನು ಯಾಕೆ? ನೀವು ನೋಡಲು ಬಂದಿರುವುದು ನಮ್ಮನ್ನಲ್ಲವೇ?" ಎಂದನಂತೆ. ಹೇಳಿ ಮತ್ತೆ ಸಾರಿಸಲು ಹೋದ.

ನಾಚಿಕೆಯಾಯಿತು ನನಗೆ. ಮೈಯೆಲ್ಲ ಬಿಸಿಯಾಗುವಷ್ಟು ನಾಚಿಕೆ.

ಮೇಲಿನ ಬಂಡೆ ಹತ್ತಿದರೆ ನೆಟ್‌ವರ್ಕ್ ಸಿಗುತ್ತದೆ ಎಂದರು. ಏದುಸಿರು ಬಿಡುತ್ತ ಹತ್ತಿ ಬಿಂದುಶ್ರೀಗೆ ಫೋನು ಮಾಡಿದೆ.

"ಜೀಪು ಬ್ಯಾಡ ಅನ್ನು. ಯಾರೂ ಬರೋದು ಬ್ಯಾಡ."

"ಅಯ್ಯೋ ಅತ್ತೆ, ಎಲ್ಲಾ ಹೇಳಾಗೈತೆ! ಬೆಳಗೋಡಿನೋರು ಸೀರೆ ಇಸ್ತ್ರಿ ಮಾಡಿಟ್ಕೊಂಡವ್ರೆ. ನಾವಿಷ್ಟೇ ಕೂತ್ರೆ ಮುಚ್ಚೇ ಬುಡ್ತಾರೆ ಅತ್ತೆ."

"ಮುಚ್ಚಿದ್ರೆ ಮುಚ್ಲಿ. ನಾವು ಎಷ್ಟು ಜನ ಇದ್ದೀವೋ ಅಷ್ಟೇ ಜನ ಕೂತ್ಕೊಳ್ಳಿ. ದೇವಪುತ್ರಪ್ಪ ಕೂಗಾಡಿದ್ರೆ ರಾಹೇಲಮ್ಮ ಹೇಳವ್ಳೆ ಅನ್ನು."

ಇಳಿಯುವಾಗ ನಡುವೆ ಎರಡು ಸಲ ಕೂತೆ. ಬಂಡೆ ಕಡಿದಾಗಿತ್ತು, ಅದಕ್ಕೇ.

ಜನವರಿ ೧೯, ಭಾನುವಾರ

ಚಾಪೆಯ ಮೇಲೆ ಹೆಂಗಸರ ಜೊತೆ ಕೂತೆ. ಪಕ್ಕದ ಬಾಣಂತಿ ಮಗುವನ್ನು ನನ್ನ ಮಡಿಲಿಗೆ ಹಾಕಿ ಹಾಡಲು ಎದ್ದಳು. ಒಂದು ಮಾತೂ ತಿಳಿಯಲಿಲ್ಲ, ಆದರೆ ಎಲ್ಲಿ ಏಳಬೇಕು ಎಲ್ಲಿ ಮೊಣಕಾಲೂರಬೇಕು ಎಂಬುದು ತಿಳಿಯಿತು. ಕಣ್ಣು ಕಾಣದವನು ಡೋಲು ಬಾರಿಸಿದ, ಏನು ಚೆಂದ!

ಆಮೇಲೆ ಸೊಂಬಾರು ಪ್ರಾರ್ಥನೆಗೆ ನಿಂತ. ಹರಿಯುವ ನೀರಿನ ಹಾಗೆ ಅವನ ಮಾತು ಹೋಗುತ್ತಲೇ ಇತ್ತು. ನಡುವೆ ಒಮ್ಮೆಗೇ "ಎಸೊಲೂರ್" ಎಂದದ್ದು ಕೇಳಿಸಿತು. ಕಣ್ಣು ಬಿಟ್ಟು ನೋಡಿದೆ. ಎಲ್ಲರೂ ತಲೆ ಬಾಗಿಸಿದ್ದರು, ಯಾರೂ ಆ ಹೆಸರಿಗೆ ಆಶ್ಚರ್ಯಪಡಲಿಲ್ಲ. ನಾಗಪುರದಿಂದ ಬಂದಾಗಿನಿಂದ ಪ್ರತಿ ಭಾನುವಾರ ಹೇಳುತ್ತಾರೆ ಎಂದು ಮೊಮ್ಮಗಳು ಆಮೇಲೆ ಹೇಳಿದಳು. ತಮ್ಮ ಚರ್ಚೇ ಮುಚ್ಚುವ ಹಾಗಿರುವಾಗ ಇವರು ನಮ್ಮದಕ್ಕೆ ಬೇಡಿಕೊಂಡಿದ್ದಾರೆ. ನಾನು ಮಗುವಿನ ತಲೆಗೆ ಮುಖ ಒತ್ತಿಕೊಂಡು ಅತ್ತೆ. ಅತ್ತದ್ದಕ್ಕೆ ಏನೂ ಬೇಸರವಿಲ್ಲ.

ಊಟವಾದ ಮೇಲೆ ನಾವು ಮೂವರೂ ಮರದಡಿ ಕೂತೆವು. ಡಾಕ್ಟರಮ್ಮನಿಗೆ ಸ್ವಲ್ಪ ಕನ್ನಡ ಬರುತ್ತಿತ್ತು, ಮಾತೆಲ್ಲ ಅವರ ಮೂಲಕವೇ. ವಕೀಲರು, ಆಚೆಯ ಚರ್ಚು ನಡೆದು ಹೋಗುವಷ್ಟೇ ದೂರ, ಪಾದ್ರಿಗಳೇ ಸಾಲದು, ಸೇರಿಸುವುದು ಒಳ್ಳೆಯದು ಎಂದರು. ಡಾಕ್ಟರಮ್ಮ ಕಣ್ಣೊರೆಸಿಕೊಂಡೇ ಅದಕ್ಕೆ ಒಪ್ಪಿದರು. ನಾನು ಆ ಕುಂಟುವವಳು ಮಳೆಗಾಲದಲ್ಲಿ ಹಳ್ಳ ದಾಟುವುದು ಹೇಗೆ ಎಂದೆ, ಆ ಕಣ್ಣು ಕಾಣದವನ ಡೋಲು ಅಲ್ಲಿ ಯಾರು ಕೇಳುತ್ತಾರೆ ಎಂದೆ. ಗಂಟಲು ಹರಿಯುವಷ್ಟು ಹೇಳಿದೆ. ಇಬ್ಬರು ಒಂದು ಕಡೆ, ನಾನೊಬ್ಬಳು ಒಂದು ಕಡೆ. ಮೇಲಿನವರಿಗೆ ವರದಿ ಹಾಗೇ ಹೋಗುತ್ತದೆ.

ಸಂಜೆ ನೆನಪಾಯಿತು, ಇವತ್ತು ನಮ್ಮ ಚರ್ಚಿಗೂ ಬಂದಿರುತ್ತಾರೆ ಎಂದು.

ಜನವರಿ ೨೩, ಗುರುವಾರ. ಮನೆ

ಬಿಂದುಶ್ರೀ ಬಾಗಿಲಲ್ಲೇ ಶುರುಮಾಡಿದಳು. ಜೀಪು ಬರಲಿಲ್ಲ. ನಾವು ಇದ್ದಷ್ಟೇ ಜನ, ಅದರಲ್ಲೂ ಇಬ್ಬರಿಗೆ ಜ್ವರ. ಸಕಲೇಶಪುರದವರು ಮಾತ್ರ ಬೇಡವೆಂದರೂ ಆರಾಧನೆ ಮುಗಿದ ಮೇಲೆ ಊಟದ ಪಾತ್ರೆ ಹೊತ್ತು ತಂದು, ಬಡಿಸಿ, ತೊಳೆದು ಹೋದರಂತೆ. ಅವರನ್ನು ಪೂರ್ತಿ ಕೆಟ್ಟವರು ಎಂದು ನಾನು ಯಾವತ್ತೂ ಅಂದಿಲ್ಲ.

ದೇವೀರಪ್ಪ ಕೂಡ ಬಂದು ಕೊನೆಯ ಬೆಂಚಿನಲ್ಲಿ ಕೂತಿದ್ದನಂತೆ. ನೋಡಲು ಬಂದ ಮೂವರು ಹೆಸರು ಕೇಳಿದಾಗ, "ನನ್ನ ಲೆಕ್ಕಕ್ಕೆ ತಗಾಬ್ಯಾಡಿ ಸ್ವಾಮಿ, ನಾನು ಈ ಸಭೆಯೋನಲ್ಲ. ಇದು ಮುಚ್ಚಿದ್ರೆ ಭಾನುವಾರ ಈ ಊರು ಬಿಕೋ ಅಂತೈತೆ, ಅಷ್ಟು ಹೇಳೋಕೆ ಬಂದೆ," ಎಂದನಂತೆ. ಏಣಿ ತರುವವನು!

ಮಾರ್ಚ್ ೯, ಭಾನುವಾರ

ಬಿಷಪ್ಪರ ಫೋನು ಬಂತೆಂದು ದೇವಪುತ್ರಪ್ಪ ಆರಾಧನೆಯ ನಡುವೆಯೇ ಎದ್ದು ನಿಂತರು. ನಮ್ಮ ಚರ್ಚು ಉಳಿಯಿತು. ಮೂವರೂ ಒಂದೇ ಮಾತು ಹೇಳಿದ್ದಾರಂತೆ. ಚಪ್ಪಾಳೆ, ಅಳು, ಕೂಗಾಟ. ಹೊರಗೆ ದೇವೀರಪ್ಪ ಪಟಾಕಿ ಹೊಡೆದ, ನಾಯಿಗಳೆಲ್ಲ ತೋಟದೊಳಗೆ ಓಡಿದವು. ನಾನೂ ಕುಣಿದೆ, ಸುಳ್ಳು ಯಾಕೆ ಹೇಳಲಿ?

ಮಧ್ಯಾಹ್ನ ವಿನೋದಿನಿ ಟೀಚರು ಫೋನು ಮಾಡಿದರು. ದನಿ ಮೆತ್ತಗಿತ್ತು. ಲುಬುಡಿಯ ಚರ್ಚು ಈಸ್ಟರ್ ಆದ ಮೇಲೆ ಮುಚ್ಚುತ್ತಾರಂತೆ. ಮೂರು ವರ್ಷಕ್ಕೊಮ್ಮೆ ಮಹಾಸಮ್ಮೇಳನ, ತೀರ್ಮಾನ ಮತ್ತೆ ಎತ್ತುವುದಾದರೆ ಅಲ್ಲೇ ಎತ್ತಬೇಕು ಎಂದರು.

ಸಂಜೆ ಪಾಯಸ ಮಾಡಿದ್ದರು. ಒಂದು ಲೋಟ ಕುಡಿದೆ, ರುಚಿ ತಿಳಿಯಲಿಲ್ಲ. ಪಾತ್ರೆ ತೊಳೆಯುತ್ತಿದ್ದ ದೇವಪುತ್ರಪ್ಪನ ಹತ್ತಿರ ಹೋಗಿ, "ಮುಂದಿನ ಸಮ್ಮೇಳನಕ್ಕೂ ನನ್ನ ಹೆಸರು ಬರ್ಕೊಳ್ಳಿ," ಎಂದೆ.

"ಇನ್ನೂ ಎರಡೂವರೆ ವರ್ಷ ಐತಲ್ಲಮ್ಮ. ಮತ್ತೆ ಯಾಕೆ ಹೋಗ್ಬೇಕು? ನಮ್ಮದು ಉಳೀತಲ್ಲ."

"ಒಂದು ಉಳೀತು," ಎಂದೆ. "ನಮ್ಮದು ಇನ್ನೊಂದು ಬಾಕಿ ಐತೆ."